ಮೂವತ್ತು ಅಡಿ ದೂರದ ಕೋಳಿಗೂಡು

ಅಮ್ಮನಿಗೆ ಹೋದ ನೋಟಿಸನ್ನು ಟೈಪ್ ಮಾಡಿದವಳು ನಾನೇ.

ನಗರಸಭೆಯ ಆರೋಗ್ಯ ವಿಭಾಗದಲ್ಲಿ ನನಗೆ ಒಂಬತ್ತು ವರ್ಷ ಸರ್ವಿಸ್ ಆಗಿತ್ತು. ಬೆಳಗ್ಗೆ ಮೇಜಿಗೆ ಬಂದು ಬೀಳುವ ಕೈಬರಹದ ಕರಡುಗಳನ್ನು ನಾನು ಓದುತ್ತಿದ್ದದ್ದು ಕಡಿಮೆ. ಬೆರಳುಗಳೇ ಓದಿಕೊಂಡು ಹೋಗುತ್ತಿದ್ದವು. ಅವತ್ತೂ ಹಾಗೇ. ಯಾವುದೋ ಹೋಟೆಲಿನ ಚರಂಡಿ, ಯಾವುದೋ ಬೇಕರಿಯ ಹೊಗೆ, ಆಮೇಲೆ ‘ವಸತಿ ಪ್ರದೇಶದಲ್ಲಿ ನಿಯಮಬಾಹಿರವಾಗಿ ಕೋಳಿ ಸಾಕಿರುವ ಬಗ್ಗೆ’. ವಿಳಾಸದ ಸಾಲಿಗೆ ಬಂದಾಗ ಬೆರಳು ನಿಂತಿತು. ಮನೆ ನಂಬರು ನಮ್ಮದು. ಹೆಸರು ಅಮ್ಮನದು. ದೂರು ಕೊಟ್ಟವರು ನಮ್ಮ ಹಿಂದಿನ ಗೋಡೆಯಾಚೆ ಹೊಸದಾಗಿ ದವಾಖಾನೆ ತೆರೆದಿದ್ದ ಹಲ್ಲಿನ ಡಾಕ್ಟರು. ಹದಿನೈದು ದಿನದೊಳಗೆ ಕೋಳಿಗಳನ್ನು ತೆಗೆಯದಿದ್ದರೆ ನಗರಸಭೆಯೇ ವಶಪಡಿಸಿಕೊಳ್ಳುತ್ತದೆ ಎಂದಿತ್ತು.

ಕರಡನ್ನು ಫೈಲುಗಳ ಅಡಿಗೆ ತಳ್ಳಿಬಿಡಬಹುದಿತ್ತು. ಆದರೆ ನಾನು ಬೆಳೆದದ್ದು ಅಂಥ ಮನೆಯಲ್ಲಲ್ಲ. ಟೈಪ್ ಮಾಡಿದೆ, ತಪ್ಪುಗಳನ್ನು ತಿದ್ದಿದೆ, ಸಹಿಗೆ ಕಳಿಸಿದೆ.

ಅಮ್ಮ ಇಪ್ಪತ್ತಾರು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವಳು. ಓಣಿಯಲ್ಲಿ ಈಗಲೂ ಎಲ್ಲರಿಗೂ ಅವಳು ಕಂಡಕ್ಟರಮ್ಮ. ಟಿಕೆಟ್ ತೆಗೆದುಕೊಳ್ಳದೆ ಜಾರಿಕೊಳ್ಳುವವರನ್ನು ಹಿಂಬಾಗಿಲಲ್ಲಿ ಹಿಡಿದು ನಿಲ್ಲಿಸಿದ ಕೈ ಅವಳದು. ಹಾಗೆಯೇ, ಎರಡು ಸ್ಟಾಪ್ ಮೊದಲೇ ಇಳಿಸಿಬಿಡು ಎಂದು ಡ್ರೈವರು ಹೇಳಿದರೂ ಟಿಕೆಟ್ ಇದ್ದವರನ್ನು ಅವಳು ಇಳಿಸಿದವಳಲ್ಲ. ನಿವೃತ್ತಿಯಾದ ಮೊದಲ ತಿಂಗಳು ಅವಳಿಗೆ ಮನೆ ಹಿಡಿಸಲಿಲ್ಲ. ನೆಲ ಅಲುಗಾಡುತ್ತಿಲ್ಲವಲ್ಲ, ಅದಕ್ಕೇ ಕಾಲು ನೋಯುತ್ತದೆ ಅನ್ನುತ್ತಿದ್ದಳು. ಅಪ್ಪ ತೀರಿಕೊಂಡು ಆಗಲೇ ಹನ್ನೊಂದು ವರ್ಷ. ನಾನು ಹಗಲೆಲ್ಲ ಕಚೇರಿಯಲ್ಲಿ. ಒಂದು ದಿನ ಅವಳು ಐದು ಹೇಟೆ ಕೋಳಿಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಳು. ಹಳೆಯ ಬಾಗಿಲೊಂದನ್ನು ಕೊಯ್ದು ಹಿಂದಿನ ಗೋಡೆಗೆ ಒತ್ತಿ ಗೂಡು ಕಟ್ಟಿದಳು. ಮರಿಗಳಿಗೆ ಬಸ್ಸಿನ ನಂಬರುಗಳನ್ನೇ ಹೆಸರಾಗಿ ಇಟ್ಟಳು. ಹದಿನಾಲ್ಕು, ಇಪ್ಪತ್ತೊಂದು, ಮೂವತ್ತಾರು, ಸರ್ಕಲ್, ಎಂಟು-ಬಿ. ಎಂಟು-ಬಿ ಅನ್ನುವುದು ಯಾವತ್ತೂ ಹೊತ್ತಿಗೆ ಸರಿಯಾಗಿ ಗೂಡು ಸೇರುತ್ತಿರಲಿಲ್ಲ. “ಆ ರೂಟೇ ಹಂಗೆ” ಎಂದು ಅಮ್ಮ ಟಾರ್ಚು ಹಿಡಿದು ಹುಡುಕಲು ಹೊರಡುತ್ತಿದ್ದಳು. ಮೂರು ವರ್ಷ ಹೀಗೆ ನಡೆದಿತ್ತು. ಓಣಿಯಲ್ಲಿ ಹೆರಿಗೆಯಾದ ಮನೆಗೆ, ಜ್ವರ ಬಂದ ಮನೆಗೆ ಮೊಟ್ಟೆ ಹೋಗುತ್ತಿತ್ತು. ಯಾರೂ ಚಕಾರ ಎತ್ತಿರಲಿಲ್ಲ.

ಅವತ್ತು ಸಂಜೆ ನಾನು ಮನೆಗೆ ಬಂದಾಗ, ಜವಾನ ಆಗಲೇ ತಲುಪಿಸಿದ್ದ ನೋಟಿಸು ಅಡಿಗೆಮನೆಯ ಫ್ರಿಜ್ಜಿನ ಬಾಗಿಲ ಮೇಲಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಅದರ ಎದುರು ನಿಂತಿದ್ದಳು.

“ಟೈಪಿಂಗ್ ಚೆನ್ನಾಗಿದೆ,” ಅಂದಳು. “ನಿಂದೇ ತಾನೇ?”

“ನಂದೇ.”

“ಒಂದು ತಪ್ಪೂ ಇಲ್ಲ. ಕೆಲಸ ಅಂದ್ರೆ ಹಂಗಿರಬೇಕು.” ಅವಳು ಬೆರಳಿಟ್ಟು ಒಂದು ಸಾಲನ್ನು ಓದಿದಳು: “‘ಕೋಳಿಗೂಡು ಯಾವುದೇ ವಾಸದ ಮನೆಯ ಗೋಡೆಯಿಂದ ಮೂವತ್ತು ಅಡಿಗಿಂತ ಕಡಿಮೆ ದೂರದಲ್ಲಿ ಇರತಕ್ಕದ್ದಲ್ಲ.’ ಅಲ್ವೇ, ಕೋಳಿ ಸಾಕಬಾರದು ಅಂತ ಎಲ್ಲೂ ಇಲ್ಲ. ಸಾಕಬಹುದು, ಮೂವತ್ತು ಅಡಿ ಬಿಡಬೇಕು, ಅಷ್ಟೇ.”

“ನಮ್ಮ ಹಿತ್ತಲು ಇರೋದೇ ಇಪ್ಪತ್ನಾಲ್ಕು ಅಡಿ ಅಮ್ಮ.”

“ಹೂಂ. ಈ ಕಡೆ ಮೂವತ್ತು, ಆ ಕಡೆ ಮೂವತ್ತು. ಅರವತ್ತು ಅಡಿ ಹಿತ್ತಲು ಬೇಕು. ಇದನ್ನ ಬರೆದೋರು ಜೀವಮಾನದಲ್ಲಿ ಹಿತ್ತಲು ನೋಡಿದಾರಾ?”

ನಾನು ಚೀಲ ಕೆಳಗಿಟ್ಟು, ಇಡೀ ದಾರಿ ಕಂಠಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. ಕೋಳಿಗಳನ್ನು ಊರಾಚೆ ಚಿಕ್ಕಮ್ಮನ ಮನೆಗೆ ಕಳಿಸೋಣ, ಅಲ್ಲಿ ಬೇಕಾದಷ್ಟು ಜಾಗ ಇದೆ. ನನ್ನ ಕೆಲಸದ ಪ್ರಶ್ನೆಯೂ ಇದೆ. ಕಚೇರಿಯವಳ ತಾಯಿಯೇ ನಿಯಮ ಮುರಿದರೆ ನಾಲ್ಕು ಜನ ಏನಂತಾರೆ.

ಅಮ್ಮ ಪೂರ್ತಿ ಕೇಳಿಸಿಕೊಂಡಳು. “ನಿನ್ನ ಕೆಲಸ ನೀನು ಮಾಡಿದೀಯ,” ಅಂದಳು. “ಇನ್ನು ನನ್ನ ಕೆಲಸ ನಾನು ಮಾಡ್ತೀನಿ. ಕೋಳಿ ಎಲ್ಲೂ ಹೋಗಲ್ಲ.”

ಮರುದಿನವೇ ಅವಳು ಎದುರು ಮನೆಯ ಬಡಗಿಯ ಹತ್ತಿರ ಉದ್ದದ ಅಳತೆ ಟೇಪು ಎರವಲು ತಂದಳು. ನಮ್ಮ ಹಿತ್ತಲಿನಿಂದ ಶುರು ಮಾಡಿ ಓಣಿಯ ಮನೆಮನೆಗೂ ಹೋದಳು. ಬೆಲ್ ಒತ್ತುವುದು, ನಿಮ್ಮ ಹಿತ್ತಲು ಅಳೀಬೇಕು, ಟೇಪಿನ ಈ ತುದಿ ಹಿಡ್ಕೊಳ್ಳಿ ಅನ್ನುವುದು. ಯಾಕೆ ಎಂದು ಕೇಳಿದರೆ “ನಗರಸಭೆ ಕೇಳಿದೆ” ಅನ್ನುತ್ತಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ನಾಲ್ಕು ದಿನದಲ್ಲಿ ನಲವತ್ತೊಂದು ಮನೆ ಮುಗಿಯಿತು. ಹಳೆಯ ನೋಟುಬುಕ್ಕಿನಲ್ಲಿ ಒಂದೊಂದು ಮನೆಗೆ ಒಂದೊಂದು ಸಾಲು. ಎಲ್ಲಕ್ಕಿಂತ ದೊಡ್ಡ ಹಿತ್ತಲು ಇಪ್ಪತ್ತೆಂಟು ಅಡಿ.

ಅಳತೆಯ ಜೊತೆಗೆ ಇನ್ನೊಂದು ಸಂಗತಿಯೂ ಸಿಕ್ಕಿತು. ಮೂಲೆಮನೆಯ ನರ್ಸಕ್ಕ ಟೇಪು ಹಿಡಿಯಲು ಒಪ್ಪದೆ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಆಗ ಒಳಗಿನಿಂದ ಕೊಕ್ಕೊಕ್ಕೋ ಎಂದು ಕೇಳಿತಂತೆ. ಬಚ್ಚಲಿನ ಹಿಂದಿನ ಸಂದಿಯಲ್ಲಿ ಅವಳೂ ಮೂರು ಕೋಳಿ ಇಟ್ಟುಕೊಂಡಿದ್ದಳು. “ಕಂಡಕ್ಟರಮ್ಮ, ನನ್ನ ಹೆಸರು ಬರೀಬೇಡಿ, ಕೈ ಮುಗೀತೀನಿ” ಅಂದಳಂತೆ. ಅಮ್ಮ ಬರೆಯಲಿಲ್ಲ. ಅವಳ ಹಿತ್ತಲು ಹದಿನೇಳು ಅಡಿ ಎಂದಷ್ಟೇ ಬರೆದುಕೊಂಡಳು.

ಐದನೇ ದಿನ ನಾನು ನನ್ನ ಮೇಜಿನ ಹಿಂದೆ ಕೂತಿದ್ದಾಗ ಕೌಂಟರಿನ ಸಾಲಿನಲ್ಲಿ ಅಮ್ಮ ಕಾಣಿಸಿದಳು. ಇಸ್ತ್ರಿ ಮಾಡಿದ ಸೀರೆ, ಬಗಲಲ್ಲಿ ಕಂಡಕ್ಟರ್ ಕೆಲಸದ ಹಳೆಯ ಚರ್ಮದ ಚೀಲ. ನನ್ನ ಕಡೆ ನೋಡಲೂ ಇಲ್ಲ. ಸರದಿ ಬಂದಾಗ ಅರ್ಜಿ ಮುಂದಿಟ್ಟಳು.

“ಈ ಮೂವತ್ತು ಅಡಿ ನಿಯಮ ಯಾವ ಸಭೆಯಲ್ಲಿ, ಯಾವತ್ತು ಪಾಸಾಯ್ತೋ, ಅದರ ಮೂಲ ಪುಟದ ದೃಢೀಕೃತ ನಕಲು ಬೇಕು.”

ಕೌಂಟರಿನವರು ಅದೆಲ್ಲ ಹಳೇದು, ಹುಡುಕೋದು ಕಷ್ಟ, ನಿಯಮ ಇರೋದು ನಿಜ, ನನ್ನ ಮಾತು ನಂಬಿ ಅಂದರು.

“ಬಾಯಿಮಾತಿಗೆ ನಾನು ಯಾವತ್ತೂ ಟಿಕೆಟ್ ಹರಿದೋಳಲ್ಲ ಸ್ವಾಮಿ,” ಅಂದಳು ಅಮ್ಮ. “ಕೊಡ್ತೀನಿ ಅಂತ ಬರೆದುಕೊಡಿ. ಇಲ್ಲಾಂದ್ರೆ ಕೊಡಲ್ಲ ಅಂತ ಬರೆದುಕೊಡಿ.”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಅರ್ಜಿಗೆ ಮುದ್ರೆ ಬಿತ್ತು. ಹಳೆಯ ಕಡತ ಹುಡುಕುವ ಕೆಲಸ ನಮ್ಮ ವಿಭಾಗದಲ್ಲಿ ಯಾರದು ಎಂದರೆ ನನ್ನದೇ.

ಕಡತಗಳ ಕೋಣೆ ನೆಲಮಾಳಿಗೆಯಲ್ಲಿತ್ತು. ಎರಡು ಮಧ್ಯಾಹ್ನ ಧೂಳು ಕುಡಿದ ಮೇಲೆ ಆ ರಿಜಿಸ್ಟರು ಸಿಕ್ಕಿತು. ಬೆನ್ನು ಹರಿದಿತ್ತು, ಅಕ್ಷರ ಮಾತ್ರ ಸ್ಪಷ್ಟ. ಅಚ್ಚಾದ ನಿಯಮದಲ್ಲಿ ಇದ್ದದ್ದು ಇಷ್ಟು: ‘ದನ, ಕುದುರೆ ಕಟ್ಟುವ ಕೊಟ್ಟಿಗೆಯು ಯಾವುದೇ ವಾಸದ ಮನೆಯ ಗೋಡೆಯಿಂದ ಮೂವತ್ತು ಅಡಿ’. ‘ಕುದುರೆ’ ಆದ ಮೇಲೆ ಸಾಲಿನ ಮೇಲ್ಗಡೆ, ನೀಲಿ ಶಾಯಿಯಲ್ಲಿ, ಯಾರೋ ‘ಕೋಳಿ’ ಎಂದು ಸೇರಿಸಿದ್ದರು. ಸಹಿ ಇಲ್ಲ, ತಾರೀಖು ಇಲ್ಲ. ಆಮೇಲೆ ಬಂದ ಪ್ರತಿಯೊಂದು ಟೈಪು ಪ್ರತಿಯಲ್ಲೂ ಆ ಪದ ಮೂರನೆಯದಾಗಿ ಠೀವಿಯಿಂದ ಕೂತುಬಿಟ್ಟಿತ್ತು. ಅದರಲ್ಲಿ ಎರಡು ಪ್ರತಿಗಳನ್ನು ಟೈಪ್ ಮಾಡಿದ್ದವಳು ನಾನು.

ನಕ್ಕೆನೋ ಸಿಟ್ಟಾದೆನೋ ನೆನಪಿಲ್ಲ. ನಕಲು ತೆಗೆದು ಸಹಿಗೆ ಇಟ್ಟೆ. ನಮ್ಮ ಮೇಲಧಿಕಾರಿ ಓದದೆ ಸಹಿ ಹಾಕುವವರು, ಹಾಕಿದರು. ನಕಲನ್ನು ಮನೆಗೆ ಒಯ್ಯಲಿಲ್ಲ. ಕೌಂಟರಿನಲ್ಲಿಟ್ಟೆ. ಅಮ್ಮ ಮತ್ತೆ ಸಾಲಿನಲ್ಲಿ ನಿಂತು ತೆಗೆದುಕೊಂಡಳು. ಅದೇ ದಿನ ಮೇಲ್ಮನವಿ ಬರೆದು, ಅಳತೆಯ ಪಟ್ಟಿ ಲಗತ್ತಿಸಿ ಕೊಟ್ಟಳು. ಅದು ಮುಂದಿನ ಸಭೆಗೆ ಹೋಗುತ್ತದೆ, ಸಭೆಗೆ ಇನ್ನೂ ತಿಂಗಳ ಮೇಲಿದೆ ಎಂದರು. ನೋಟಿಸಿನ ಹದಿನೈದು ದಿನ ಅಷ್ಟು ಹೊತ್ತು ಕಾಯುವುದಲ್ಲ.

ಹದಿನಾರನೇ ದಿನ ಬೆಳಗ್ಗೆ ಆರೋಗ್ಯ ಇನ್ಸ್‌ಪೆಕ್ಟರು ಇಬ್ಬರು ಕೆಲಸಗಾರರೊಂದಿಗೆ ಬಂದರು. ವ್ಯಾನಿನಲ್ಲಿ ಒಂದು ಕಬ್ಬಿಣದ ಬೋನು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅವರಿಗೆ ನನ್ನ ಮುಖ ನೋಡಲು ಆಗುತ್ತಿರಲಿಲ್ಲ. ಒಂದೇ ಮಹಡಿಯಲ್ಲಿ ಕೂರುವವರು ನಾವು.

ಅಮ್ಮ ಹಿತ್ತಲ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. “ಮೇಲ್ಮನವಿ ಕೊಟ್ಟಿದೀನಿ,” ಅಂದಳು.

“ಗೊತ್ತಮ್ಮ. ಆದ್ರೆ ತಡೆ ಆದೇಶ ಇಲ್ಲವಲ್ಲ. ನಾನೇನು ಮಾಡ್ಲಿ?”

“ನೀವೇನು ಮಾಡಬೇಕೋ ಮಾಡಿ. ನಾನು ಮಾತ್ರ ಹಿಡಿದುಕೊಡಲ್ಲ. ಮತ್ತೆ, ಒಂದೊಂದು ಕೋಳಿಗೂ ಬೇರೆ ಬೇರೆ ರಸೀತಿ ಬೇಕು. ಬಣ್ಣ, ಗುರುತು ಎಲ್ಲ ಬರೀಬೇಕು.”

ಕೋಳಿಗಳು ಹಿತ್ತಲ ತುಂಬ ಹರಡಿಕೊಂಡಿದ್ದವು. ಮುಕ್ಕಾಲು ಗಂಟೆ ಆ ಇಬ್ಬರು ಓಡಿದರು. ಒಬ್ಬ ಬಟ್ಟೆ ಒಣಗಿಸುವ ಹಗ್ಗಕ್ಕೆ ಕುತ್ತಿಗೆ ಸಿಕ್ಕಿಸಿಕೊಂಡ. ಇನ್ನೊಬ್ಬನ ಚಪ್ಪಲಿ ನೀರಿನ ತೊಟ್ಟಿ ಸೇರಿತು. ಇನ್ಸ್‌ಪೆಕ್ಟರು ಮೆಟ್ಟಿಲ ಮೇಲೆ ಕೂತು ತೊಡೆಯ ಮೇಲೆ ಕಾಗದವಿಟ್ಟುಕೊಂಡು ‘ಕಂದು ಬಣ್ಣ, ಬಲಗಾಲಿನ ಉಗುರು ಮೊಂಡು’ ಎಂದು ಬರೆಯುತ್ತ ಹೋದರು. ಪಕ್ಕದ ಮನೆಗಳ ಪರದೆಗಳು ಅಲುಗಾಡುತ್ತಿದ್ದವು. ಯಾರೂ ಹೊರಗೆ ಬರಲಿಲ್ಲ. ಮೂಲೆಮನೆಯ ಬಾಗಿಲಂತೂ ಗಟ್ಟಿಯಾಗಿ ಮುಚ್ಚಿತ್ತು.

ಕೊನೆಗೆ ಸಿಕ್ಕಿದ್ದು ಎಂಟು-ಬಿ. ವ್ಯಾನು ಓಣಿ ತಿರುಗುವ ತನಕ ಅಮ್ಮ ನಿಂತಿದ್ದಳು. ಆಮೇಲೆ ಒಳಗೆ ಬಂದು ಐದು ರಸೀತಿಗಳನ್ನು ಚರ್ಮದ ಚೀಲಕ್ಕೆ ಹಾಕಿ ಜಿಪ್ ಎಳೆದಳು. ಅವತ್ತು ಅವಳು ಊಟ ಮಾಡಲಿಲ್ಲ. ನಾನೂ ಬಲವಂತ ಮಾಡಲಿಲ್ಲ.

ಸಂಜೆ ನರ್ಸಕ್ಕ ಬಂದಳು. ಬಾಗಿಲಲ್ಲೇ ನಿಂತು ಅತ್ತಳು. “ನಾನು ಬೆಳಗ್ಗೆ ಹೊರಗೆ ಬರಬೇಕಿತ್ತು, ಕಾಲೇ ಬರಲಿಲ್ಲ,” ಅಂದಳು. ಅಮ್ಮ ಅವಳನ್ನು ಒಳಗೆ ಕರೆದು ಕೂರಿಸಿ, “ಬಸ್ಸಲ್ಲಿ ಜಗಳ ಆದ್ರೆ ಎಲ್ಲಾರೂ ಕಿಟಕಿ ಕಡೆ ನೋಡ್ತಾರೆ. ನಂಗೆ ಅಭ್ಯಾಸ ಇದೆ. ನಿನ್ನ ಮೂರನ್ನ ಹುಷಾರಾಗಿ ನೋಡ್ಕೋ,” ಅಂದಳು.

ಒಂದು ವಾರದ ಮೇಲೆ ನಮ್ಮ ಮೇಲಧಿಕಾರಿ ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ನಕಲಿನಲ್ಲಿ ಏನಿದೆ ಎಂಬುದು ಅಷ್ಟರಲ್ಲಿ ಅವರಿಗೂ ತಿಳಿದಿತ್ತು. ದನಿ ಬೆಣ್ಣೆಯಾಗಿತ್ತು.

“ನೋಡಮ್ಮ, ನಿಮ್ಮ ತಾಯಿ ನಮ್ಮ ಸಿಬ್ಬಂದಿ ಕುಟುಂಬದೋರು. ವಯಸ್ಸಾಗಿದೆ. ಮಾನವೀಯತೆ ದೃಷ್ಟಿಯಿಂದ ವಿಶೇಷ ವಿನಾಯಿತಿ ಅಂತ ಒಂದು ಪತ್ರ ಮಾಡಿಕೊಡ್ತೀನಿ. ನಾಳೆನೇ ಕೋಳಿ ಮನೆಗೆ ಬರ್ತವೆ. ಅವರು ಮೇಲ್ಮನವಿ ವಾಪಸ್ ತಗೊಂಡ್ರೆ ಆಯ್ತು.”

ನನಗೆ ಖುಷಿಯೇ ಆಯಿತು. ಬಸ್ಸು ಇಳಿದವಳು ಮನೆಯ ತನಕ ಓಡಿದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೇಳಿ ಕೈ ನಿಲ್ಲಿಸಿದಳು. “ವಿನಾಯಿತಿ ಯಾರಿಗೆ?”

“ನಿಂಗೆ.”

“ನಂಗೊಬ್ಬಳಿಗೇನಾ? ಮೂಲೆಮನೆಯವಳಿಗೆ?”

“ಅವಳ ಮಾತು ಯಾಕೆ ಈಗ? ಅಮ್ಮ, ಕೋಳಿಗಳು ನಗರಸಭೆ ಶೆಡ್ಡಲ್ಲಿ ಹೆಂಗಿವೆ ನಿಂಗೊತ್ತಾ? ನಾನು ಮಧ್ಯಾಹ್ನ ಹೋಗಿ ನೋಡಿ ಬಂದಿದೀನಿ. ನಾಯಿಗಳ ಬೋನಿನ ಪಕ್ಕ ಇಟ್ಟಿದಾರೆ. ಎಂಟು-ಬಿ ಮೇವು ಮುಟ್ಟಲ್ಲ.”

ಅಮ್ಮ ಕೈಯಲ್ಲಿದ್ದ ಸೊಪ್ಪಿನ ದಂಟನ್ನು ಕೆಳಗಿಟ್ಟಳು. “ನಂಗೂ ಬೇಕು ಅವು,” ಅಂದಳು. “ಆದ್ರೆ ಹಿಂಬಾಗಿಲಲ್ಲಿ ಹತ್ತಿಕೊಂಡೋರನ್ನ ನಾನು ಇಪ್ಪತ್ತಾರು ವರ್ಷ ಇಳಿಸಿದೀನಿ. ಈಗ ನಾನೇ ಹತ್ತಲಾ? ಬೇಡ ಅಂತ ಹೇಳು.”

“ನೀನೇ ಹೇಳು.” ನನಗೆ ಸಿಟ್ಟು ಬಂದಿತ್ತು. ಅವತ್ತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮರುದಿನ ಅವಳೇ ಬಂದು ಅಧಿಕಾರಿಯ ಮೇಜಿನ ಮೇಲೆ ಎರಡು ಸಾಲಿನ ಪತ್ರ ಇಟ್ಟು ಹೋದಳು.

ಅದಾಗಿ ಹನ್ನೊಂದು ದಿನದ ಮೇಲೆ ಎಂಟು-ಬಿ ಸತ್ತಿತು. ಸುದ್ದಿ ತಂದವರು ಇನ್ಸ್‌ಪೆಕ್ಟರೇ. ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತಿದ್ದರು. ಅಮ್ಮ ಚೀಲದಿಂದ ಐದನೇ ರಸೀತಿ ತೆಗೆದು ಅವರ ಮುಂದೆ ಹಿಡಿದಳು. “ಇದರ ಮೇಲೆ ಬರೀರಿ. ಯಾವತ್ತು ಸತ್ತಿತು, ಎಲ್ಲಿ ಸತ್ತಿತು.” ಅವರು ಬರೆದರು. “ನಮ್ಮನೇಲೂ ಕೋಳಿ ಇದ್ವು, ನಾನು ಸಣ್ಣವನಿದ್ದಾಗ,” ಅಂದರು. ಅಮ್ಮ ರಸೀತಿ ಮಡಿಸಿ ಚೀಲಕ್ಕೆ ಹಾಕಿದಳು. ಅವರು ಹೋದ ಮೇಲೆ ಗೂಡಿನ ಹತ್ತಿರ ಹೋಗಿ, ಖಾಲಿಯಾಗಿದ್ದರೂ ಅದನ್ನು ಗುಡಿಸಿದಳು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಸಭೆ ನಡೆದದ್ದು ನಗರಸಭೆಯ ದೊಡ್ಡ ಹಾಲಿನಲ್ಲಿ. ಅಧ್ಯಕ್ಷೆ ಮಧ್ಯದಲ್ಲಿ, ಸದಸ್ಯರು ಎರಡೂ ಕಡೆ, ಹಿಂದಿನ ಬೆಂಚುಗಳಲ್ಲಿ ಸಾರ್ವಜನಿಕರು. ನಾನು ನಡಾವಳಿ ಬರೆದುಕೊಳ್ಳಲು ಮೂಲೆಯ ಮೇಜಿನಲ್ಲಿದ್ದೆ. ಕೋಳಿಯ ವಿಷಯ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಇಬ್ಬರು ಸದಸ್ಯರು ತೂಕಡಿಸುತ್ತಿದ್ದರು.

ಮೊದಲು ಹಲ್ಲಿನ ಡಾಕ್ಟರು ಮಾತಾಡಿದರು. ಕೆಟ್ಟ ಮನುಷ್ಯರಲ್ಲ. “ನಾನು ಹಲ್ಲು ಕೊರೀತಾ ಇರ್ತೀನಿ. ಗೋಡೆಯಾಚೆ ಒಮ್ಮೆಲೇ ಐದು ಕೋಳಿ ಕೂಗಿಕೊಂಡ್ರೆ ರೋಗಿ ಬೆಚ್ಚಿ ಬೀಳ್ತಾರೆ. ಒಬ್ಬರ ತುಟಿಗೆ ಗಾಯ ಆಗಿದೆ. ಅದಕ್ಕೆ ಯಾರು ಹೊಣೆ?”

ಅಮ್ಮ ಎದ್ದು ನಿಂತಳು. “ಡಾಕ್ಟರೇ, ಅದು ನಿಜವಾದ ತೊಂದರೆ. ಗೂಡು ನಿಮ್ಮ ಗೋಡೆಗೇ ಅಂಟಿಕೊಂಡಿತ್ತು, ತಪ್ಪು ನಂದು. ನನ್ನ ಹತ್ರ ಬಂದು ಹೇಳಿದ್ರೆ ಅವತ್ತೇ ಈ ಕಡೆ ಸರಿಸ್ತಿದ್ದೆ. ನೀವು ಗೋಡೆ ಮೇಲಿಂದ ಒಂದು ಮಾತೂ ಆಡಲಿಲ್ಲ. ಸೀದಾ ಇಲ್ಲಿಗೆ ಬಂದ್ರಿ.” ಡಾಕ್ಟರು ಕನ್ನಡಕ ಒರೆಸಿಕೊಂಡರು.

ಆಮೇಲೆ ಅವಳು ನೋಟುಬುಕ್ಕು ತೆರೆದಳು. ನಲವತ್ತೊಂದು ಮನೆಗಳ ಅಳತೆಯನ್ನೂ ಒಂದೊಂದಾಗಿ, ಬಸ್ಸಿನಲ್ಲಿ ಸ್ಟಾಪು ಕೂಗುವ ದನಿಯಲ್ಲಿ ಓದಿದಳು. ತೂಕಡಿಸುತ್ತಿದ್ದ ಇಬ್ಬರೂ ಎದ್ದು ಕೂತರು. ಹದಿನೈದನೇ ಮನೆಯ ಹೊತ್ತಿಗೆ ಅಧ್ಯಕ್ಷೆ, “ಸಾಕಮ್ಮ, ಅರ್ಥ ಆಯ್ತು,” ಅಂದರು.

“ಇನ್ನೂ ಇಪ್ಪತ್ತಾರಿದೆ ಮೇಡಂ,” ಎಂದು ಅಮ್ಮ ಪೂರ್ತಿ ಓದಿದಳು. “ನಮ್ಮ ವಾರ್ಡಲ್ಲಿ ಎಲ್ಲ ಮನೆಗಳಿಂದಲೂ ಮೂವತ್ತು ಅಡಿ ದೂರ ಇರೋ ಜಾಗ ಒಂದೇ. ಫುಟ್‌ಬಾಲ್ ಮೈದಾನದ ನಡುಮಧ್ಯ. ನೀವು ಹೇಳಿದ್ರೆ ಅಲ್ಲೇ ಗೂಡು ಇಡ್ತೀನಿ. ಇಲ್ಲಾಂದ್ರೆ, ಸಾಕಬಹುದು ಅಂತ ಕಾಗದದಲ್ಲಿ ಬರೆದು ಸಾಕೋಕೆ ಆಗದ ಹಾಗೆ ಮಾಡೋದು ಬಿಡಿ. ಇನ್ನು ಈ ನಕಲು ನೋಡಿ. ಇದರಲ್ಲಿ ಕೋಳಿ ಅನ್ನೋದನ್ನ ಬರೆದೋರು ಯಾರು?”

ನಕಲು ಕೈಯಿಂದ ಕೈಗೆ ಹೋಯಿತು. ಹಾಲಿನಲ್ಲಿ ಗುಸುಗುಸು ಎದ್ದಿತು. ನಮ್ಮ ಮೇಲಧಿಕಾರಿ ನನ್ನನ್ನು ನುಂಗುವ ಹಾಗೆ ನೋಡಿದರು. ಒಬ್ಬ ಹಿರಿಯ ಸದಸ್ಯರು, ಬರವಣಿಗೆ ಹೇಗೇ ಇರಲಿ, ನಲವತ್ತು ವರ್ಷದಿಂದ ನಡೆದುಬಂದಿದೆ, ನಿಮ್ಮೊಬ್ಬರಿಗೋಸ್ಕರ ನಿಯಮ ಬದಲಾಯಿಸೋಕಾಗುತ್ತಾ ಎಂದು ಕೇಳಿದರು.

“ಅವರೊಬ್ಬರಿಗಲ್ಲ.” ದನಿ ಹಿಂದಿನ ಬೆಂಚಿನಿಂದ ಬಂತು. ನರ್ಸಕ್ಕ ಆಸ್ಪತ್ರೆಯ ಬಿಳಿ ಕೋಟಿನಲ್ಲೇ ಎದ್ದು ನಿಂತಿದ್ದಳು, ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡು. “ನನ್ನ ಹತ್ರಾನೂ ಮೂರಿವೆ. ಬಚ್ಚಲ ಹಿಂದೆ. ವಿಳಾಸ ಬರ್ಕೊಳ್ಳಿ.”

ಅಧ್ಯಕ್ಷೆ ನನ್ನ ಕಡೆ ನೋಡಿದರು. ನಾನು ಬರೆದುಕೊಂಡೆ.

ಮತಕ್ಕೆ ಹಾಕಿದಾಗ ಎರಡು ಕೈ ಹೆಚ್ಚಿಗೆ ಬಂತು. ನೀಲಿ ಶಾಯಿಯ ಪದ ಹೋಯಿತು. ಕೋಳಿಗೇ ಬೇರೆ ನಿಯಮವಾಯಿತು: ಆರು ಹೇಟೆಯ ತನಕ ಸಾಕಬಹುದು, ಹುಂಜ ಕೂಡದು, ಗೂಡು ಪಕ್ಕದವರ ಗೋಡೆಯಿಂದ ಆರಡಿ ದೂರವಿರಬೇಕು, ದಿನಾ ಗುಡಿಸಬೇಕು. ಹುಂಜದ ವಿಷಯದಲ್ಲಿ ಅಮ್ಮ ತಕರಾರು ಮಾಡಲಿಲ್ಲ. “ಬೆಳಗಿನ ನಾಲ್ಕು ಗಂಟೆ ಡ್ಯೂಟಿ ನಾನೂ ಮಾಡಿದೀನಿ. ಯಾರಿಗೂ ಬೇಡ ಅದು,” ಅಂದಳು.

ನಾಲ್ಕು ಕೋಳಿಗಳು ಮನೆಗೆ ಬಂದಾಗ ಪುಕ್ಕ ಉದುರಿ, ಕುತ್ತಿಗೆ ಬೋಳಾಗಿ, ನೋಡುವ ಹಾಗಿರಲಿಲ್ಲ. ಅಮ್ಮ ಮತ್ತು ಬಡಗಿ ಸೇರಿ ಗೂಡನ್ನು ಈ ಕಡೆ ಸರಿಸಿದರು. ಹಲ್ಲಿನ ಡಾಕ್ಟರು ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದರು. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತಾರೆ, ಮಾತಿಲ್ಲ. ಅಮ್ಮನೂ ತಲೆಯಾಡಿಸುತ್ತಾಳೆ.

ನನಗೆ ಬಂದದ್ದು ಒಂದು ಮೆಮೊ. ಸ್ವಂತ ಹಿತಾಸಕ್ತಿಯಿಂದ ಹಳೆಯ ಕಡತವನ್ನು ಹೊರಗೆಳೆದಿದ್ದೇಕೆ, ಮೂರು ದಿನದೊಳಗೆ ವಿವರಣೆ ಕೊಡಿ ಎಂದು. ಜೊತೆಗೆ ಮೇಲಧಿಕಾರಿ, ‘ತಪ್ಪಾಯಿತು, ಮುಂದೆ ಹೀಗಾಗುವುದಿಲ್ಲ’ ಎಂಬ ಪತ್ರವೊಂದನ್ನು ತಾವೇ ಬರೆಸಿಟ್ಟಿದ್ದರು. ಸಹಿ ಹಾಕಿದರೆ ಅಲ್ಲಿಗೆ ಮುಗಿಯಿತು ಎಂದರು. ಅಮ್ಮನಿಗೆ ನಾನು ತಿಳಿಸಲೂ ಇಲ್ಲ. ಪತ್ರವನ್ನು ಅವರ ಮೇಜಿನ ಮೇಲೇ ಬಿಟ್ಟು, ನನ್ನ ಉತ್ತರ ನಾನೇ ಟೈಪ್ ಮಾಡಿದೆ: ‘ಅರ್ಜಿ ಬಂತು, ಹುಡುಕಿದೆ, ಸಿಕ್ಕಿತು, ಕೊಟ್ಟೆ. ಅರ್ಜಿ ಯಾರದಾಗಿದ್ದರೂ ಕೊಡುತ್ತಿದ್ದೆ.’

ವಾರದೊಳಗೆ ನನ್ನನ್ನು ನೆಲಮಾಳಿಗೆಯ ಕಡತಗಳ ಕೋಣೆಗೆ ಹಾಕಿದರು. ಕಿಟಕಿ ಇಲ್ಲ, ಒಂದು ಟ್ಯೂಬ್‌ಲೈಟು, ಧೂಳಿಗೆ ನಿಲ್ಲದ ಸೀನು. ಅಲ್ಲಿಗೆ ಯಾರೂ ಇಳಿದು ಬರುವುದಿಲ್ಲ ಎಂದು ಅವರ ಲೆಕ್ಕಾಚಾರ. ಮೊದಲ ತಿಂಗಳು ಯಾರೂ ಬರಲೂ ಇಲ್ಲ. ಆಮೇಲೆ ಒಂದು ದಿನ ಎದುರು ಮನೆಯ ಬಡಗಿ ಮೆಟ್ಟಿಲಿಳಿದು ಬಂದರು. ಅವರ ಅಂಗಡಿಯ ಬೋರ್ಡನ್ನು ನಗರಸಭೆಯವರು ಕಿತ್ತು ಒಯ್ದಿದ್ದರು. ಏನೋ ಒಂದು ನಿಯಮ ಇದೆಯಂತೆ, ಅದನ್ನು ನೋಡಬೇಕು ಅಂದರು. ಮೆಟ್ಟಿಲ ಮೇಲುಗಡೆ ನಮ್ಮ ಹಳೆಯ ಮೇಲಧಿಕಾರಿ ನಿಂತು ನೋಡುತ್ತಿದ್ದರು.

ನಾನು ಡ್ರಾಯರ್ ಎಳೆದು ಖಾಲಿ ಅರ್ಜಿಯೊಂದನ್ನು ಬಡಗಿಯ ಮುಂದಿಟ್ಟೆ. “ತುಂಬಿಕೊಡಿ,” ಎಂದೆ, ಮೇಲೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ. “ಮೂಲ ಪುಟವನ್ನೇ ಹುಡುಕಿ ಕೊಡ್ತೀನಿ.”